ಗೋಗಿಯ ತತ್ತಿ ಹವಾಲ್ದಾರ

ಬೆಳಗಿನ ಐದೂಕಾಲು. ಶಹಾಪುರದ ಬೆಟ್ಟ ಇನ್ನೂ ಕತ್ತಲಲ್ಲೇ ಇದೆ. ಊರ ಹೊರಗಿನ ಮೈದಾನದಲ್ಲಿ ಐವತ್ತೆರಡು ಹುಡುಗರು ಸೇನಾ ಭರ್ತಿಗೆಂದು ಓಟದ ತಾಲೀಮು ನಡೆಸಿದ್ದಾರೆ. ಹದಿನಾರುನೂರು ಮೀಟರ್ ಮುಗಿಸಿ, ಸೊಂಟ ಹಿಡಿದುಕೊಂಡು ಏದುಸಿರು ಬಿಡುತ್ತ ಬಂದವನೊಬ್ಬನನ್ನು ಅಂಚಿನ ಕಲ್ಲಿನ ಮೇಲೆ ಕುಳಿತ ಹಿರಿಯರೊಬ್ಬರು ಕೈಮಾಡಿ ಕರೆಯುತ್ತಾರೆ. ಬಿಳಿ ಪೈಜಾಮ, ಮಾಸಿದ ಹಸಿರು ಸ್ವೆಟರ್, ತೊಡೆಯ ಮೇಲೆ ಉದ್ದನೆಯ ರಿಜಿಸ್ಟರು, ಕಿವಿಯ ಮೇಲೆ ಪೆನ್ನು. ಎಷ್ಟು ನಿಮಿಷದಲ್ಲಿ ಓಡಿದೆ ಎಂದು ಕೇಳುತ್ತಾರೆ ಅಂದುಕೊಂಡರೆ ನಮ್ಮ ಊಹೆ ತಪ್ಪು.

"ತತ್ತಿ ತಿಂತೀ ಏನಪಾ?"

"ಇಲ್ರೀ."

"ಇಲ್ಲಂದ್ರ? ಹುಟ್ಟಿದಾಗಿಂದ ಒಮ್ಮೀನೂ ಬಾಯಾಗ ಇಟ್ಟಿಲ್ಲೇನು?"

ಹುಡುಗ ಆಚೀಚೆ ನೋಡುತ್ತಾನೆ. ಜೊತೆಯವರು ದೂರ ಇದ್ದಾರೆ ಎಂದು ಖಾತ್ರಿಯಾದ ಮೇಲೆ ದನಿ ತಗ್ಗಿಸುತ್ತಾನೆ. "ಎರಡು ಸಲ ತಿಂದೀನ್ರಿ. ಮನ್ಯಾಗ ಹೇಳಬ್ಯಾಡ್ರಿ."

"ಹೇಳಂಗಿಲ್ಲ. ತಿಂದಾಗ ತುಟಿ ಬಾತಿತ್ತೇನು? ಗಂಟಲ ತುರಿಸಿತ್ತೇನು? ಮೈ ಮ್ಯಾಲ ಪಿತ್ತದ ಗಂಧಿ ಎದ್ದಿದ್ವೇನು?"

"ಏನೂ ಆಗಿಲ್ರೀ. ಚಲೋ ಇತ್ತು!"

ರಿಜಿಸ್ಟರಿನಲ್ಲಿ ಹುಡುಗನ ಹೆಸರು, ಊರು, ಅದರ ಮುಂದೆ ಒಂದು ಸಾಲು ಬೀಳುತ್ತದೆ. ಮುಂದಿನವನನ್ನು ಕರೆಯುತ್ತಾರೆ. ತತ್ತಿ ಎಂದರೆ ಈ ಸೀಮೆಯಲ್ಲಿ ಮೊಟ್ಟೆ. ದಿನಾ ಮುಂಜಾನೆ ಕಂಡವರನ್ನೆಲ್ಲ ಮೊಟ್ಟೆ ತಿಂದೆಯಾ ಎಂದು ಕೇಳುವ ಈ ಮನುಷ್ಯನಿಗೆ ಹುಡುಗರು ಇಟ್ಟಿರುವ ಹೆಸರು 'ತತ್ತಿ ಹವಾಲ್ದಾರ'. ಮೊದಲ ದಿನ ನನಗೂ ನಗು ಬಂದಿತ್ತು, ಮುಚ್ಚಿಡುವುದೇಕೆ. ಎರಡನೆಯ ದಿನ ಅವರು ತಮ್ಮ ತಪ್ಪಿನ ಕತೆ ಹೇಳಿದ ಮೇಲೆ ನಗಲು ಆಗಲಿಲ್ಲ.

ಇವರ ನಿಜವಾದ ಹೆಸರು ರಾಜಾಸಾಬ. ವಯಸ್ಸು ಐವತ್ತಾರು. ಊರು ಶಹಾಪುರ ತಾಲ್ಲೂಕಿನ ಗೋಗಿ. ಸೇನೆಯ ವೈದ್ಯಕೀಯ ದಳದಲ್ಲಿ ಇಪ್ಪತ್ನಾಲ್ಕು ವರ್ಷ ನರ್ಸಿಂಗ್ ಸಹಾಯಕರಾಗಿ ದುಡಿದು, ಹವಾಲ್ದಾರರಾಗಿ 2013ರಲ್ಲಿ ನಿವೃತ್ತರಾದವರು. ಬಂದೂಕು ಹಿಡಿದದ್ದಕ್ಕಿಂತ ಸೂಜಿ ಹಿಡಿದದ್ದೇ ಹೆಚ್ಚು. ಸೈನಿಕರಿಗೆ ಧನುರ್ವಾಯು, ವಿಷಮಶೀತ ಜ್ವರ, ಹಳದಿ ಜ್ವರ ಹೀಗೆ ಕಾಲಕಾಲಕ್ಕೆ ಲಸಿಕೆ ಹಾಕುವುದೇ ಅವರ ನಿತ್ಯದ ಕೆಲಸವಾಗಿತ್ತು.

"ಎರಡು ಲಕ್ಷ ಸೂಜಿ ಚುಚ್ಚಿರಬೇಕ್ರಿ ಈ ಕೈಲೆ" ಎನ್ನುತ್ತಾರೆ. "ಅದರಾಗ ಜೀವಕ್ಕ ಬಂದದ್ದು ನಾ ಕಣ್ಣಾರೆ ನೋಡಿದ್ದು ನಾಲ್ಕ. ನಾಲ್ಕರಾಗ ಒಂದು ನನ್ನ ತಪ್ಪಿನಿಂದ ಆಗಿದ್ದು."

ಆ ಒಂದು ನಡೆದದ್ದು 2004ರ ಚಳಿಗಾಲದಲ್ಲಿ, ಉತ್ತರದ ಒಂದು ದಂಡುಪ್ರದೇಶದಲ್ಲಿ. ಆಫ್ರಿಕಾದ ಶಾಂತಿಪಾಲನೆಗೆ ತುಕಡಿಯೊಂದು ಹೊರಟಿದೆ. ಹೋಗುವ ಮುಂಚೆ ಎಲ್ಲರಿಗೂ ಹಳದಿ ಜ್ವರದ ಲಸಿಕೆ ಆಗಬೇಕು. ಆ ಲಸಿಕೆಯನ್ನು ಬೆಳೆಸುವುದು ಕೋಳಿಮೊಟ್ಟೆಯಲ್ಲಿ. ಹಾಗಾಗಿ ಮೊಟ್ಟೆ ಮೈಗಾಗದವರಿಗೆ ಅದನ್ನು ಪರೀಕ್ಷೆ ಮಾಡದೆ ಹಾಕುವಂತಿಲ್ಲ. ನೂರಿಪ್ಪತ್ತು ಜನರ ಸಾಲು. ಮೇಜಿನ ಹಿಂದೆ ಫಾರಂ ತುಂಬುತ್ತ ರಾಜಾಸಾಬ. ಸಾಲಿನಲ್ಲಿ ಸುರಪುರ ಕಡೆಯ ಪಂಪಣ್ಣ ಬಂದು ನಿಂತಾಗ, ನಮ್ಮ ಸೀಮೆಯವನೊಬ್ಬ ಸಿಕ್ಕ ಎಂದು ಇವರಿಗೆ ಹಿಗ್ಗು. ಹಿಂದಿ ಬಿಟ್ಟು ಕನ್ನಡದಲ್ಲೇ ಕೇಳಿದರು, ತತ್ತಿಯಿಂದ ಏನಾದರೂ ತ್ರಾಸ ಇದೆಯಾ ಎಂದು. ಪಂಪಣ್ಣ ಹೇಳಿದ್ದು ಇಷ್ಟೇ: "ನಮ್ಮ ಮನ್ಯಾಗ ಲಿಂಗಪೂಜಿ ಅದರೀ. ತತ್ತಿ ತರಂಗಿಲ್ಲ."

ರಾಜಾಸಾಬ ಫಾರಮ್ಮಿನಲ್ಲಿ 'ಇಲ್ಲ' ಎಂದು ಬರೆದರು.

"ತಿನ್ನದಾಂವಗ ತ್ರಾಸ ಎಲ್ಲಿಂದ ಬರ್ತದ ಅಂತ ನಾನ ತೀರ್ಮಾನ ಮಾಡಿಬಿಟ್ನಿ. ನಾ ಕೇಳಿದ್ದು ಒಂದು, ಅಂವ ಹೇಳಿದ್ದು ಒಂದು, ಬರದದ್ದು ಇನ್ನೊಂದು. ಮನ್ಯಾಗ ತರಂಗಿಲ್ಲ ಅಂದ್ರ ಹೊರಗ ತಿಂದಿಲ್ಲ ಅಂತ ಅರ್ಥ ಏನ್ರಿ? ನಾ ಈ ಸೀಮ್ಯಾಗ ಹುಟ್ಟಿದಾಂವ. ನನಗ ಗೊತ್ತಿರಬೇಕಾಗಿತ್ತು."

ಪಂಪಣ್ಣ ಹೊರಗೆ ತಿಂದಿದ್ದರು. ಹೈಸ್ಕೂಲಿನಲ್ಲಿದ್ದಾಗ ಗೆಳೆಯನ ಮನೆಯಲ್ಲಿ ಅರ್ಧ ಆಮ್ಲೆಟ್ ತಿಂದು ಗಂಟಲು ಕಟ್ಟಿ, ಪ್ರಾಣ ಹೋದಷ್ಟು ಹೆದರಿ, ಯಾರಿಗೂ ಹೇಳದೆ ನುಂಗಿಕೊಂಡಿದ್ದರು. ಅಂದು ಸಾಲಿನಲ್ಲಿ ಅವರ ಬೆನ್ನಿಗೇ ನಿಂತಿದ್ದವನು ಅವರ ಹೆಂಡತಿಯ ತವರೂರಿನವನು. ಬಾಯಿ ಬಿಟ್ಟರೆ ಸುದ್ದಿ ರೈಲಿಗಿಂತ ಮುಂಚೆ ಊರು ಮುಟ್ಟುತ್ತಿತ್ತು.

ಲಸಿಕೆ ಆಯಿತು. ಆಮೇಲೆ ಅರ್ಧ ತಾಸು ಕೂರಬೇಕೆಂಬುದು ನಿಯಮ. ಹೊರಗೆ ಟ್ರಕ್ಕಿನವನು ಹಾರ್ನ್ ಹೊಡೆಯುತ್ತಿದ್ದ, ಎಲ್ಲರೂ ಎದ್ದು ಹೊರಟರು. ಪಂಪಣ್ಣನಿಗೆ ಗಂಟಲು ತುರಿಸಲು ಶುರುವಾಗಿತ್ತು. ಹೇಳಲಿಲ್ಲ. "ಫೌಜಿನಾಗ 'ಠೀಕ್ ಹೂಂ ಸಾಬ್' ಅನ್ನೋದು ಬಿಟ್ಟು ಬ್ಯಾರೆ ಉತ್ತರಾನ ಕಲಿಸಿಲ್ರಿ ನಮಗ" ಎನ್ನುತ್ತಾರೆ ರಾಜಾಸಾಬ. ಟ್ರಕ್ಕಿನ ಬಳಿ ಪಂಪಣ್ಣ ಕುಸಿದರು. ಆರಡಿಯ ಆಳು ಸೂಜಿ ಕಂಡು ಬಿದ್ದ ಎಂದು ಸುತ್ತಲಿನವರು ಗೊಳ್ಳೆಂದು ನಕ್ಕರು. ರಾಜಾಸಾಬರೂ ನಕ್ಕರು. ಗಾಲಿಗೆ ಬೆನ್ನು ಕೊಟ್ಟು ಕೂರಿಸಿ ಮುಖಕ್ಕೆ ನೀರು ಚಿಮುಕಿಸಿದರು. ಹೆದರಿ ಬಿದ್ದವನಿಗೆ ಮಾಡುವ ಉಪಚಾರ ಅದು. ಲಸಿಕೆ ಮೈಗಾಗದೆ ಬಿದ್ದವನನ್ನು ಹಾಗೆ ಎತ್ತಿ ಕೂರಿಸಿದರೆ ಜೀವಕ್ಕೇ ಸಂಚಕಾರ. ಎರಡು ನಿಮಿಷ ಹೀಗೆ ಹೋಯಿತು. ಡ್ಯೂಟಿಯಲ್ಲಿದ್ದ ವೈದ್ಯೆ ಓಡಿ ಬಂದವರೇ ಅಂಗಿ ಬಿಚ್ಚಿ ನೋಡಿದರೆ ಎದೆ ತುಂಬ ಗಂಧೆಗಳು. "ಮಲಗಿಸ್ರೋ ಅವನನ್ನ!" ಎಂದು ಕಿರುಚಿ, ಪ್ಯಾಂಟಿನ ಮೇಲಿಂದಲೇ ತೊಡೆಗೆ ಅಡ್ರಿನಲಿನ್ ಚುಚ್ಚಿದರು. ಪಂಪಣ್ಣ ಉಳಿದರು. ಮೂರು ದಿನ ಆಸ್ಪತ್ರೆ. ಅಷ್ಟರಲ್ಲಿ ತುಕಡಿ ಹೊರಟುಹೋಗಿತ್ತು.

ಸುರಪುರದಲ್ಲಿ ಈಗ ಹಿಟ್ಟಿನ ಗಿರಣಿ ನಡೆಸುವ ಪಂಪಣ್ಣನನ್ನು ನಾನು ಕಂಡು ಮಾತಾಡಿಸಿದ್ದೇನೆ. ರೆಪ್ಪೆಯ ಮೇಲೆಲ್ಲ ಜೋಳದ ಹಿಟ್ಟು. ರಾಜಾಸಾಬರ ಮೇಲೆ ಸಿಟ್ಟಿಲ್ಲವೇ ಎಂದರೆ ತಲೆ ಕೊಡವುತ್ತಾರೆ. "ಅವರು ತಪ್ಪು ಬರದ್ರು, ನಾ ತಪ್ಪು ಬರಸಿದ್ನಿ. ನಾ ಸುಳ್ಳಂತೂ ಹೇಳ್ಲಿಲ್ರಿ. ಖರೇನೂ ಹೇಳ್ಲಿಲ್ಲ. ಎರಡರ ನಡುವ ಸಾಯೂದಿತ್ತು. ಸೂಜಿಗಿ ಹೆದರಿ ಬಿದ್ದಾನ ಅಂತ ಊರಾಗ ಅಂದ್ರಲ್ಲ, ಅದೊಂದು ಮಾತ್ರ ಇನ್ನೂ ಹೊಟ್ಟಿಯೊಳಗ ಉರೀತದ."

ಅಂಥದೇ ಒಂದು ಉರಿ ರಾಜಾಸಾಬರಿಗೂ ಇದೆ. ಅವರು ಅದನ್ನು ಕೆಲಸಕ್ಕೆ ಹಚ್ಚಿದ್ದಾರೆ. ನಿವೃತ್ತರಾದ ಮರುವರ್ಷ, 2014ರಲ್ಲಿ, ಮೊದಲ ರಿಜಿಸ್ಟರು ತಂದರು. ಈಗ ಏಳನೆಯದು ನಡೆದಿದೆ. ನಾಲ್ಕಕ್ಕೆ ಎದ್ದು, ಗೋಗಿಯಿಂದ ಮೊದಲ ಟಂಟಂ ಆಟೋ ಹಿಡಿದು, ಐದರೊಳಗೆ ಮೈದಾನಕ್ಕೆ ಬರುತ್ತಾರೆ. ಏಳೂವರೆಗೆ ಎದ್ದು ಪೇಟೆಯ ಒಂದು ಸಣ್ಣ ದವಾಖಾನೆಗೆ ಹೋಗುತ್ತಾರೆ. ಅಲ್ಲಿ ಕಂಪೌಂಡರ್ ಕೆಲಸ, ಸಂಜೆ ಆರರವರೆಗೆ. ಏಳು ರಿಜಿಸ್ಟರುಗಳಲ್ಲಿ ಒಟ್ಟು ಸಾವಿರದ ಎಂಟುನೂರ ನಲವತ್ತು ಹೆಸರುಗಳಿವೆ. ಅದರಲ್ಲಿ ಸೇನೆ ಸೇರಿದವರು ಇನ್ನೂರ ಹನ್ನೆರಡು. ಕೆಂಪು ಗೆರೆ ಎಳೆದ ಹೆಸರು ತೊಂಬತ್ತಾರು. ಕೆಲವರಿಗೆ ಶೇಂಗಾ ಆಗದು, ಕೆಲವರಿಗೆ ಒಂದೊಂದು ಬಗೆಯ ಗುಳಿಗೆ ಆಗದು, ಹನ್ನೊಂದು ಜನಕ್ಕೆ ಮೊಟ್ಟೆ ಆಗದು. ಕೆಂಪು ಗೆರೆಯವರಿಗೆಲ್ಲ ಇವರು ಹಿಂದಿಯಲ್ಲಿ ಒಂದು ಚೀಟಿ ಬರೆದು ಕೊಡುತ್ತಾರೆ. ಕೆಳಗೆ ತಮ್ಮ ಹಳೆಯ ಹುದ್ದೆ, ನಂಬರು, ಸಹಿ. ಸೂಜಿಯ ಮೇಜಿನ ಮುಂದೆ ನಿಂತಾಗ ಬಾಯಿ ಕಟ್ಟಿದರೆ ಚೀಟಿ ಮಾತಾಡಲಿ ಎಂದು.

ಇದನ್ನೆಲ್ಲ ಕಂಡು ರಾಜಾಸಾಬ ಲಸಿಕೆಯ ವಿರೋಧಿ ಎಂದು ಯಾರಾದರೂ ತಿಳಿದರೆ ಅವರಿಗೆ ಸಿಟ್ಟು ನೆತ್ತಿಗೇರುತ್ತದೆ. ಒಮ್ಮೆ ಒಬ್ಬ ತಂದೆ, ನೀವೇ ಹೇಳುತ್ತೀರಲ್ಲ, ಹಾಗಾದರೆ ಸೂಜಿಯೇ ಬೇಡ ಬಿಡಿ ಎಂದನಂತೆ. "ಹೌದಪಾ, ಹಂಗಾದ್ರ ಎತ್ತಿನ ಗಾಡಿ ಮಗಚ್ತದಂತ ಹೊಲಕ್ಕ ಹೋಗೂದ ಬಿಡು ಅಂದ್ನಿ. ಸೂಜಿ ಹಾಕಸ್ಕೋಬೇಕು. ಹೇಳಿ ಹಾಕಸ್ಕೋಬೇಕು. ಹಾಕಸ್ಕೊಂಡು ಅರ್ಧ ತಾಸು ಮುಕಳಿ ಊರಿ ಕುಂದರಬೇಕು. ಇದರಾಗೇನು ತಿಳೀದಂಗದ?"

ಈ ಅರ್ಧ ತಾಸಿನಿಂದಾಗಿ ಅವರು ಒಂದು ಕೆಲಸವನ್ನೇ ಕಳೆದುಕೊಂಡಿದ್ದಾರೆ. ಹಿಂದೆ ಇದ್ದ ದವಾಖಾನೆಯಲ್ಲಿ ಸೂಜಿ ಹಾಕಿದವರನ್ನೆಲ್ಲ ಬೆಂಚಿನಿಂದ ಏಳಗೊಡುತ್ತಿರಲಿಲ್ಲ. ಸಂತೆಗೆ ಬಂದವರು, ಬಸ್ಸಿಗೆ ಹೊರಟವರು ಬೇರೆ ದವಾಖಾನೆ ಹಿಡಿದರು. ಮಾಲೀಕರು ಕೈ ಮುಗಿದು ಕಳಿಸಿದರು. ಮೈದಾನದಲ್ಲೂ ಕಿರಿಕಿರಿ ಕಡಿಮೆಯಿಲ್ಲ. ಓಟದ ತರಬೇತಿ ಕೊಡುವವನು ಹುಡುಗರ ಧೈರ್ಯ ಕೆಡಿಸಬೇಡಿ ಎಂದು ಎರಡು ಸಲ ಜಗಳಕ್ಕೆ ಬಂದಿದ್ದಾನೆ. ಮರುದಿನವೂ ರಾಜಾಸಾಬ ಅದೇ ಕಲ್ಲಿನ ಮೇಲೆ ಕುಳಿತಿದ್ದರು.

ಮೈದಾನದ ಗೇಟಿನ ಬಳಿ ಒಬ್ಬಾಕೆ ಬೇಯಿಸಿದ ಮೊಟ್ಟೆ ಮಾರುತ್ತಾಳೆ. ಓಟ ಮುಗಿದ ಮೇಲೆ ಅಲ್ಲಿ ಎರಡು ಗುಂಪು. ರಸ್ತೆಗೆ ಮುಖ ಮಾಡಿ ತಿನ್ನುವವರು, ಗೋಡೆಗೆ ಮುಖ ಮಾಡಿ ತಿನ್ನುವವರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ. ಗೋಡೆಯ ಕಡೆಯವರ ಹೆಸರನ್ನು ಬರೆದುಕೊಳ್ಳಲು ರಾಜಾಸಾಬ ಮರೆಯುವುದಿಲ್ಲ. ಮನೆಯಲ್ಲಿ 'ತಿಂದಿಲ್ಲ' ಎಂದ ಹುಡುಗರು ಸೇನೆಯಲ್ಲೂ ಅದನ್ನೇ ಹೇಳುತ್ತಾರೆ ಎಂಬುದೇ ರಾಜಾಸಾಬರ ಚಿಂತೆ.

ರಿಜಿಸ್ಟರಿನ ಕೊನೆಯಲ್ಲಿ 'ಬಾಜೂಮನಿ', ಅಂದರೆ ಪಕ್ಕದ ಮನೆ, ಎಂಬ ಕಾಲಂ ಇದೆ. ಅದು ಅವರ ಹೆಂಡತಿ ಜೈತುನಬೀ ಅವರ ತಲೆಯಿಂದ ಬಂದದ್ದು. "ಇಪ್ಪತ್ನಾಲ್ಕು ವರ್ಷ ಫೌಜಿನಾಗಿದ್ರೂ ಇವರಿಗಿ ಬುದ್ಧಿ ಬರ್ಲಿಲ್ರಿ" ಎಂದು ಗಂಡನ ಎದುರಿಗೇ ಹೇಳುತ್ತಾರೆ. "ಹುಡುಗ ತತ್ತಿ ತಿಂದದ್ದು ಅವರ ಮನ್ಯಾಗ ಕೇಳಿದ್ರ ಗೊತ್ತಾಗ್ತದೇನು? ಎಲ್ಲಿ ತಿಂದಾನ ಅಲ್ಲಿ ಕೇಳಬೇಕು. ನಮ್ಮ ಅಡಿಗಿಮನ್ಯಾಗ ಎಷ್ಟು ಹುಡುಗ್ರು ಬಾಯಿ ಒರಸ್ಕೊಂಡು ಹೋಗ್ಯಾರ, ನಾವು ಯಾರಿಗಿ ಹೇಳೀವಿ?" ಹುಡುಗನ ಊರು ಗೊತ್ತಾದರೆ ಸಾಕು. ಜೈತುನಬೀ ಅಲ್ಲಿನ ನೆಂಟರ ಮೂಲಕ ಪಕ್ಕದ ಮನೆಯ ಹೆಂಗಸರನ್ನು ವಿಚಾರಿಸುತ್ತಾರೆ. ಮೊಟ್ಟೆ ಆಗದ ಹನ್ನೊಂದು ಹೆಸರುಗಳಲ್ಲಿ ಏಳು ಸಿಕ್ಕಿದ್ದು ಹೀಗೆ.

ಹನ್ನೊಂದನೆಯ ಹೆಸರು ಸೇರಿದ್ದು ನಾನು ಇವರನ್ನು ಕಾಣಲು ಬರುವ ಹಿಂದಿನ ವಾರ. ಸುರಪುರದ ಬಸು, ಇಪ್ಪತ್ತಾರು ವರ್ಷ. 2018ರಲ್ಲಿ ಇದೇ ಮೈದಾನದಲ್ಲಿ ಓಡಿ ಸೇನೆ ಸೇರಿದವನು. ಆಗಿನ ಪುಟದಲ್ಲಿ 'ತತ್ತಿ ತಿಂದಿಲ್ಲ' ಎಂದಿದೆ; ಬಾಜೂಮನಿ ಕಾಲಂ ಆಗ ಇನ್ನೂ ಇರಲಿಲ್ಲ. ಈಗ ರಜೆಗೆ ಬಂದಿದ್ದಾನೆ. ಮರಳಿದ ಮೇಲೆ ಶಾಂತಿಪಾಲನೆಗೆಂದು ಆಫ್ರಿಕಾ, ಅದಕ್ಕೆ ಮೊದಲು ಹಳದಿ ಜ್ವರದ ಲಸಿಕೆ. ಬಸುವಿನ ಪಕ್ಕದ ಮನೆಯಲ್ಲಿರುವ ಆಮೀನಾ ಜೈತುನಬೀ ಅವರ ತಂಗಿ. ಆಫ್ರಿಕಾದ ಸುದ್ದಿ ಕೇಳಿ ಆಕೆ ಅಕ್ಕನಿಗೆ ಫೋನ್ ಮಾಡಿದಳು. ಎಂಟು ವರ್ಷದವನಿದ್ದಾಗ ಅವಳ ಮನೆಯಲ್ಲಿ ಒಂದು ತುಂಡು ಮೊಟ್ಟೆ ತಿಂದು ಬಸುವಿನ ತುಟಿ ಬಾತಿತ್ತು, ಉಸಿರು ಸಿಳ್ಳೆ ಹೊಡೆದಿತ್ತು. ನಮ್ಮ ಮನೆಯದನ್ನು ತಿಂದು ನಿಮ್ಮ ಮಗನಿಗೆ ಹೀಗಾಯಿತು ಎಂದು ಆ ಮನೆಯವರಿಗೆ ಹೇಗೆ ಹೇಳುವುದು? ಹದಿನೆಂಟು ವರ್ಷ ಆಕೆ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳು.

ರಾಜಾಸಾಬ ಎರಡು ಸಲ ಸುರಪುರಕ್ಕೆ ಹೋಗಿ ಬಂದರು. ಬಸು ಒಮ್ಮೆ ಮನೆಯಲ್ಲಿಲ್ಲ ಎಂದು ಹೇಳಿಸಿದ, ಇನ್ನೊಮ್ಮೆ ಹತ್ತು ನಿಮಿಷ ಮಾತಾಡಿ ಜಾರಿಕೊಂಡ. ಅವನ ತುಕಡಿಗೆ ನೇರ ಫೋನ್ ಮಾಡಬಹುದಲ್ಲ ಎಂದೆ. "ಮಾಡಬಹುದ್ರಿ. ಅಂವನ್ನ ಕರದು ಕೇಳ್ತಾರ. ಅಂವ ಇಲ್ಲ ಅಂತಾನ. ಮುಗೀತು. ಅವನ ಬಾಯಿಲೇ ಬರಬೇಕು." ಮೂರನೆಯ ಸಲ, ಭಾನುವಾರ, ಜೈತುನಬೀ ಹೊರಟರು, ನಾನೂ ಜೊತೆಗೆ ಹೊರಟೆ. ಬುಧವಾರ ಯಾದಗಿರಿಯಲ್ಲಿ ಬಸುವಿನ ರೈಲು. ಬಸ್ಸಿನಲ್ಲಿ ಜೈತುನಬೀ ದಾರಿಯುದ್ದಕ್ಕೂ ಗಂಡನಿಗೆ ಯೋಜನೆ ಹೇಳುತ್ತಿದ್ದರು. ತಾಯಿಯ ಎದುರು ಆ ಹುಡುಗ ಬಾಯಿ ಬಿಡುವುದಿಲ್ಲ, ಆಕೆಯನ್ನು ನಾನು ಒಳಗೆ ಹಿಡಿದಿಡುತ್ತೇನೆ, ಅಷ್ಟರಲ್ಲಿ ನೀವು ಮಾತು ಮುಗಿಸಿ.

ಹಾಗೆಯೇ ಆಯಿತು. ಚಹಾ ಬಂದ ಮೇಲೆ ಜೈತುನಬೀ ಎದ್ದರು. "ರೇಣಮ್ಮಕ್ಕಾ, ನಿಮ್ಮ ಶೇಂಗಾ ಹಿಂಡಿ ಭಾಳ ಚಲೋ ಅಂತ ನನ್ನ ತಂಗಿ ಹೇಳ್ತಾಳ. ಹೆಂಗ ಕುಟ್ಟತೀರಿ, ತೋರಸ್ರಿ" ಎಂದು ಬಸುವಿನ ತಾಯಿ ರೇಣಮ್ಮನನ್ನು ಅಡುಗೆಮನೆಗೆ ಕರೆದೊಯ್ದರು. ಪಡಸಾಲೆಯಲ್ಲಿ ಉಳಿದದ್ದು ನಾವು ಮೂವರು.

"ಕಾಕಾ, ಸಣ್ಣಾಂವಿದ್ದಾಗ ಒಮ್ಮಿ ಬಾಯಿ ಬಾತಿತ್ತು, ಅಷ್ಟ" ಎಂದ ಬಸು. ಕೊನೆಗೂ ಒಪ್ಪಿಕೊಂಡನಲ್ಲ ಎಂದು ನನಗೆ ಸಮಾಧಾನ. ಅವನು ಮುಂದುವರಿದ. "ಈಗ ಹೇಳಿದ್ರ ಲಿಸ್ಟಿನಾಗಿಂದ ಹೆಸರು ತಗೀತಾರ. ಎರಡು ವರ್ಷ ಆ ಹೆಸರಿಗಿ ಹೆಣಗೀನಿ. ಊರಿಗೆಲ್ಲ ಗೊತ್ತಾಗ್ಯಾದ. ಏನೂ ಆಗಂಗಿಲ್ಲ ಬಿಡ್ರಿ."

"ಆಗಂಗಿಲ್ಲ ಅಂತ ನನಗೂ ಅನಸ್ತದ. ಆದ್ರ ಅದನ್ನ ಡಾಕ್ಟರು ಪರೀಕ್ಷಾ ಮಾಡಿ ಅನ್ಲಿ. ನೀನೂ ಅನಬ್ಯಾಡ, ನಾನೂ ಅನಬ್ಯಾಡ. ಹಂಗ ಅಂದು ನಾ ಒಮ್ಮಿ ಕೆಟ್ಟೀನಿ." ರಾಜಾಸಾಬರ ದನಿ ಏರಲಿಲ್ಲ. ಪಂಪಣ್ಣನ ಕತೆಯನ್ನು ಹೇಳಿದರು. ನಕ್ಕದ್ದು, ಗಾಲಿಗೆ ಆನಿಸಿ ಕೂರಿಸಿದ್ದು, ಯಾವುದನ್ನೂ ಬಿಡಲಿಲ್ಲ. ಬಸು ನೆಲ ನೋಡುತ್ತ ಕೇಳಿದ. ಕೊನೆಗೆ ಅಡುಗೆಮನೆಯ ಕಡೆ ಕಣ್ಣು ಹಾಯಿಸಿ, "ಹೇಳಿದ್ರ ಮನಿಗಿ ಕಾಗದ ಬರ್ತದ ಕಾಕಾ. ಅವ್ವಗ ಗೊತ್ತಾದ್ರ..." ಎಂದ.

ಒಳಗೆ ಚಟ್ನಿಪುಡಿ ಕುಟ್ಟುವ ಸಪ್ಪಳ ಯಾವಾಗಲೋ ನಿಂತಿತ್ತು. ರೇಣಮ್ಮ ಬಾಗಿಲಲ್ಲಿದ್ದರು, ಕೈಗೆ ಮೆತ್ತಿದ ಖಾರ ಹಾಗೇ ಇತ್ತು.

"ನನಗ ಗೊತ್ತದ ತಮ್ಮಾ. ಅವತ್ತ ನಿನ್ನ ತುಟಿ ನೋಡಿ, ಬಾಯಿ ವಾಸನಿ ನೋಡೇ ಗೊತ್ತಾಗಿತ್ತು. ನಿಮ್ಮಪ್ಪಗ ಕೆಂಜಿರಿವಿ ಕಡದದ ಅಂತ ಹೇಳಿದ್ನಿ. ನೀ ನಾಚಗೋಬ್ಯಾಡ ಅಂತ ನಾ ಸುಮ್ಮನಿದ್ದೆ. ಆಮೀನಾ ನಾಚಗೋಬ್ಯಾಡ ಅಂತ ಆಕಿ ಮುಂದನೂ ಸುಮ್ಮನಿದ್ದೆ. ಎಲ್ಲಾರೂ ಸುಮ್ಮನಿದ್ದದ್ದು ಸಾಕಾತು. ಹೋಗಿ ಹೇಳು."

ಬಸು ಚಪ್ಪಲಿ ಮೆಟ್ಟಿ ಹೊರಗೆ ಹೋಗಿಬಿಟ್ಟ. ನಾವು ಒಂದು ತಾಸು ಕಾದೆವು. ಅವನು ಬರಲಿಲ್ಲ. ರಾಜಾಸಾಬ ಚೀಟಿ ಬರೆದು ರೇಣಮ್ಮನ ಕೈಗಿತ್ತರು. 'ಬಾಲ್ಯದಲ್ಲಿ ಮೊಟ್ಟೆಯಿಂದ ತುಟಿ ಬಾತು ಉಸಿರಿಗೆ ತೊಂದರೆಯಾಗಿದೆ, ಪರೀಕ್ಷಿಸದೆ ಲಸಿಕೆ ಬೇಡ' ಎಂದು ಹಿಂದಿಯಲ್ಲಿತ್ತು. ಆಕೆ ಅದನ್ನು ಮಗನ ಟ್ರಂಕಿನಲ್ಲಿ, ಸಮವಸ್ತ್ರದ ಕಿಸೆಗೆ ಇಟ್ಟರು.

ಬುಧವಾರ ಬಸು ರೈಲು ಹತ್ತಿದ. ಆಮೇಲಿನ ದಿನಗಳಲ್ಲಿ ನಾನು ದಿನಕ್ಕೊಂದು ಸಲ ರಾಜಾಸಾಬರಿಗೆ ಫೋನ್ ಮಾಡುತ್ತಿದ್ದೆ. ಸುದ್ದಿಯಿಲ್ಲ ಎನ್ನುತ್ತಿದ್ದರು. ಅವರಿಗೊಂದು ಆಸೆ ಇದೆ, ಅದನ್ನು ಹೇಳಿದ್ದು ಅಂಥ ಒಂದು ಫೋನಿನಲ್ಲೇ. ಫಾರಮ್ಮಿನಲ್ಲಿ 'ಮೊಟ್ಟೆಯಿಂದ ತೊಂದರೆ ಇದೆಯೇ' ಎಂಬ ಒಂದು ಪ್ರಶ್ನೆಯ ಬದಲು 'ಎಂದಾದರೂ ತಿಂದಿದ್ದೀರಾ, ತಿಂದಾಗ ಏನಾಯಿತು' ಎಂದು ಎರಡು ಇರಬೇಕು. ಅದನ್ನು ಹಿಂದೆ ನಿಂತವನಿಗೆ ಕೇಳಿಸದಂತೆ, ಪರದೆಯ ಆಚೆ ಕೇಳಬೇಕು. ಇದನ್ನೇ ಬರೆದು ಮೇಲಿನವರಿಗೆ ಒಂಬತ್ತು ಕಾಗದ ಹಾಕಿದ್ದಾರೆ. ಎರಡಕ್ಕೆ ಮುಟ್ಟಿದೆ ಎಂಬ ಉತ್ತರ ಬಂದಿದೆ. ಹತ್ತನೆಯದನ್ನು ಬರೆಯುತ್ತಿದ್ದಾರೆ.

ಹನ್ನೆರಡನೆಯ ದಿನ ನಾನು ಮತ್ತೆ ಮೈದಾನದಲ್ಲಿದ್ದೇನೆ. ಹುಡುಗರು ಮೂರನೆಯ ಸುತ್ತಿನಲ್ಲಿದ್ದಾರೆ. ರಾಜಾಸಾಬರ ಫೋನು ರಿಂಗಣಿಸುತ್ತದೆ. ಬಸು. ಅವನ ದನಿ ಎಷ್ಟು ಜೋರೆಂದರೆ ಪಕ್ಕದಲ್ಲಿ ಕುಳಿತ ನನಗೂ ಒಂದೊಂದು ಅಕ್ಷರ ಕೇಳಿಸುತ್ತದೆ. ಹೇಳಿದನಂತೆ. ಚೀಟಿ ತೋರಿಸಿದನಂತೆ. ದೊಡ್ಡ ಆಸ್ಪತ್ರೆಗೆ ಕಳಿಸಿ ಮುಂಗೈ ಮೇಲೆ ಒಂದು ಹನಿ ಹಾಕಿ ಗೀರಿದರಂತೆ. ಹದಿನೈದು ನಿಮಿಷದಲ್ಲಿ ಆ ಜಾಗ ರೂಪಾಯಿ ಬಿಲ್ಲೆಯಗಲ ಬಾತು ನಿಂತಿತಂತೆ. ಅಲ್ಲಿಗೆ ಅವನ ಹೆಸರು ಪಟ್ಟಿಯಿಂದ ಹೋಯಿತು, ಅವನ ಜಾಗಕ್ಕೆ ಬೇರೊಬ್ಬ ಬಂದ.

"ಬರೋ ಸೋಮವಾರ ಎಲ್ಲಾರೂ ವಿಮಾನ ಹತ್ತತಾರ, ನಾ ಇಲ್ಲಿ ಸಾಮಾನಿನ ಕೋಠಿಗಿ ಪಹರೆ! ನಿಮ್ಮ ಮಾತ ಕೇಳಿ ಹಾಳಾದ್ನಿ ಕಾಕಾ! ನಿಮ್ಮ ಪಾಡಿಗಿ ನೀವು ಸುಮ್ಮನಿರಾಕ ಏನಾಗಿತ್ತು? ಇನ್ನ ಮುಂದ ನಮ್ಮ ಮನಿ ಕಡಿ ಬರಬ್ಯಾಡ್ರಿ!"

ರಾಜಾಸಾಬ ಪೂರ್ತಿ ಕೇಳಿಸಿಕೊಳ್ಳುತ್ತಾರೆ. ಆಮೇಲೆ ಫೋನನ್ನು ಕಿಸೆಗೆ ಹಾಕಿ, ಅಂಗೈಯಿಂದ ಕಣ್ಣೊರೆಸಿಕೊಂಡು, ಓಟ ಮುಗಿಸಿ ಬರುತ್ತಿರುವ ಮೊದಲ ಹುಡುಗನಿಗೆ ಕೈ ಮಾಡುತ್ತಾರೆ. ಅಷ್ಟು ಮಾಡಿಯೂ ಬೈಸಿಕೊಂಡಿರಲ್ಲ ಎಂದರೆ ನನ್ನ ಕಡೆ ತಿರುಗುತ್ತಾರೆ.

"ಬೈಲಿ ಬಿಡ್ರಿ ಸರ. ಎಷ್ಟು ಜೋರ ಬೈದಾ, ಕೇಳಿದ್ರಿಲ್ಲೋ? ಗಂಟಲ ಚಲೋ ಅದ."